ಅರ್ಧ ಬೋಗಿ

ರೈಲು ಬೋಗಿ ಸಾಯುವುದು ಕಕ್ಕಸಿನ ಮೂಲೆಯಿಂದ ಎಂದು ನಮ್ಮ ದೊಡ್ಡಮ್ಮ ಹೇಳುತ್ತಾಳೆ. ಹೊರಗಿನವರು ಈ ಮಾತಿಗೆ ನಗುತ್ತಾರೆ. ಬೋಗಿ ಒಡೆಯುವ ಯಾರ್ಡಿನಲ್ಲಿ ಯಾರೂ ನಗುವುದಿಲ್ಲ, ಏಕೆಂದರೆ ಅದು ನಿಜ. ವರ್ಷಗಟ್ಟಲೆ ಚೆಲ್ಲಿದ ನೀರು ಸಂದುಗೊಂದುಗಳಲ್ಲಿ ಇಳಿದು, ಎಲ್ಲಕ್ಕಿಂತ ಮೊದಲು ಅಲ್ಲಿಯ ನೆಲದ ತಗಡು ತುಕ್ಕು ಹಿಡಿಯುತ್ತದೆ. ಸೀಟು ಗಟ್ಟಿಯಾಗಿರುತ್ತದೆ, ಕಿಟಕಿ ಸಲೀಸಾಗಿ ಏರಿಳಿಯುತ್ತದೆ, ಫ್ಯಾನು ತಿರುಗುತ್ತಿರುತ್ತದೆ. ಬಾಗಿಲ ಪಕ್ಕದ ಆ ಮೂಲೆ ಮಾತ್ರ ಒಳಗೊಳಗೇ ಜರಡಿಯಾಗಿರುತ್ತದೆ. ತಪಾಸಣೆಯವರು ಸುತ್ತಿಗೆಯಿಂದ ತಟ್ಟಿ ನೋಡಿ, ಪಕ್ಕೆಗೆ ಬಿಳಿ ಬಣ್ಣದಲ್ಲಿ ಕಾಟು ಹಾಕುತ್ತಾರೆ. ಕಾಟು ಬಿದ್ದ ಬೋಗಿ ಮತ್ತೆ ಜನರನ್ನು ಹತ್ತಿಸಿಕೊಳ್ಳುವುದಿಲ್ಲ.

ಕೆಲವಕ್ಕೆ ಇನ್ನೊಂದು ಜನ್ಮವಿರುತ್ತದೆ. ಹಳಿ ರಿಪೇರಿಯವರು ಮಲಗುವ ಮನೆಯಾಗುತ್ತವೆ, ಇಲ್ಲವೇ ಸೀಟು ಕೀಳಿಸಿಕೊಂಡು ಸಾಮಾನು ಸಾಗಿಸುತ್ತವೆ. ಮೈತುಂಬ ಬಣ್ಣ ಬಳಿಸಿಕೊಂಡು ಯಾವುದಾದರೂ ನಿಲ್ದಾಣದ ಮುಂದೆ ಹೋಟೆಲಾಗಿ ನಿಲ್ಲುವುದೂ ಉಂಟು. ಯಾವುದಕ್ಕೂ ಬಾರದವು ನಮ್ಮ ಯಾರ್ಡಿಗೆ ಬರುತ್ತವೆ. ಇಲ್ಲಿ ಮೊದಲು ಗಾಜು ತೆಗೆಯುತ್ತಾರೆ, ಆಮೇಲೆ ಸೀಟು, ಆಮೇಲೆ ಫ್ಯಾನು, ದೀಪ, ವೈರು, ಕೊನೆಗೆ ಗೋಡೆಯ ಹಲಗೆ ಮತ್ತು ಅದರ ಹಿಂದೆ ತುರುಕಿದ ಸ್ಪಂಜು. ಇಷ್ಟೂ ಹೆಂಗಸರ ಕೆಲಸ. ಬಾಗಿಲು ಮತ್ತು ಬೆಸೆದ ಮೇಲಿನ ಹಲಗೆಗಳಷ್ಟೇ ಇರುವ ಕಬ್ಬಿಣದ ಗೂಡು ಉಳಿದ ಮೇಲೆ ಗಂಡಸರು ಗ್ಯಾಸ್ ಕಟ್ಟರ್ ಹಿಡಿದು ಬರುತ್ತಾರೆ. ನಮ್ಮ ದೊಡ್ಡಪ್ಪ ಕಟ್ಟರ್ ಹಿಡಿಯುವವರಲ್ಲಿ ಹಿರಿಯರು. ಮಾತು ಕಡಿಮೆ. ದೊಡ್ಡಮ್ಮ ಅದಕ್ಕೆ, "ಇವರ ಪಾಲಿನ ಮಾತನ್ನೂ ನಾನೇ ಆಡಿ ಮುಗಿಸ್ಬೇಕು, ಅದಕ್ಕೇ ನನ್ನ ಗಂಟಲು ಹೀಗಾಗಿದೆ" ಎನ್ನುತ್ತಾಳೆ.

ಅವಳ ಗಂಟಲು ಹೇಗೆಂದರೆ, ಯಾರ್ಡಿನ ಈ ತುದಿಯಲ್ಲಿ ಅವಳು ಕೂಗಿದರೆ ಆ ತುದಿಯ ಗೇಟಿನಲ್ಲಿ ತೂಕಡಿಸುವ ಕಾವಲುಗಾರ ಟೋಪಿ ಸರಿಮಾಡಿಕೊಳ್ಳುತ್ತಾನೆ. ಆ ಗಂಟಲಿನಿಂದಲೇ ಅವಳಿಗೆ ಯಾರ್ಡಿನಲ್ಲಿ ಒಂದು ವಿಶೇಷ ಕೆಲಸ ಸಿಕ್ಕಿತ್ತು. ಅವಳು ಕೂಗುವವಳು.

ಈ ಕೂಗು ಹೇಗೆ ಹುಟ್ಟಿತೆಂದು ದೊಡ್ಡಪ್ಪನನ್ನೇ ಕೇಳಿದ್ದೇನೆ. ಹಿಂದೊಮ್ಮೆ ಅವರು ಒಂದು ಬೋಗಿಯ ಚಾವಣಿ ಕತ್ತರಿಸುತ್ತಿದ್ದಾಗ, ಬೆಂಕಿಯ ಮೊನೆ ಒಳಗೆ ಇಳಿದ ಜಾಗದಲ್ಲಿ ಒಬ್ಬ ಮುದುಕ ಮಲಗಿದ್ದನಂತೆ. ಮನೆಮಠ ಇಲ್ಲದವನು. ಖಾಲಿ ಬೋಗಿ ನೋಡಿ ಮೇಲಿನ ಹಲಗೆಯ ಮೇಲೆ ಹತ್ತಿ ಮಲಗಿಬಿಟ್ಟಿದ್ದ. ಕಾಲಿನಿಂದ ಒಂದು ಗೇಣು ದೂರದಲ್ಲಿ ಕಿಡಿ ಸುರಿದಾಗ ಗಡಬಡಿಸಿ ಎದ್ದು, "ಟಿಕೆಟ್ ಇದೆ, ಟಿಕೆಟ್ ಇದೆ!" ಎಂದು ಕಿರುಚಿದನಂತೆ. ಈಗ ಇದನ್ನು ಹೇಳಿ ಎಲ್ಲರೂ ನಗುತ್ತಾರೆ. ಅವತ್ತು ಯಾರೂ ನಕ್ಕಿರಲಿಲ್ಲ. ದೊಡ್ಡಪ್ಪ ಎಷ್ಟೋ ದಿನ ಕಟ್ಟರ್ ಮುಟ್ಟಲಿಲ್ಲ. ಕಟ್ಟರಿನವರೆಲ್ಲ ಸೇರಿ ಒಂದು ನಿಯಮ ಮಾಡಿಕೊಂಡರು. ಬೆಂಕಿ ಹಚ್ಚುವ ಮೊದಲು ಒಬ್ಬರು ಬೋಗಿಯ ಒಂದು ತುದಿಯಲ್ಲಿ ಹತ್ತಬೇಕು. ಪ್ರತಿ ಬಾಗಿಲು ತೆಗೆದು, ಪ್ರತಿ ಹಲಗೆ ತಟ್ಟಿ, "ಯಾರಿದ್ದೀರಿ, ಇಳೀರಿ" ಎಂದು ಕೂಗುತ್ತ ಇನ್ನೊಂದು ತುದಿಯಲ್ಲಿ ಇಳಿಯಬೇಕು. ಎರಡೂ ಕಾಲು ನೆಲಕ್ಕೆ ತಾಗಿದ ಮೇಲೆ "ಖಾಲಿ" ಎನ್ನಬೇಕು. ಆ ಮಾತು ಬೀಳುವವರೆಗೆ ಯಾರೂ ಬೆಂಕಿ ಹಚ್ಚುವ ಹಾಗಿಲ್ಲ. ಬಿದ್ದ ಮೇಲೆ ಯಾರೂ ಬೋಗಿ ಹತ್ತುವ ಹಾಗಿಲ್ಲ. ಮೇಲಿನವರು ಯಾರೂ ಈ ನಿಯಮವನ್ನು ಕೊಟ್ಟದ್ದಲ್ಲ, ಅದಕ್ಕೇ ಯಾರೂ ಅದನ್ನು ಮುರಿದಿರಲಿಲ್ಲ. ಅಂದಿನಿಂದ ದೊಡ್ಡಮ್ಮ ಕೂಗುವುದು, ದೊಡ್ಡಪ್ಪ ಹಚ್ಚುವುದು. ಅವಳ ಬಾಯಿಂದ "ಖಾಲಿ" ಬೀಳುವುದಕ್ಕೂ ಅವರ ಕೈ ಗ್ಯಾಸಿನ ತಿರುಪು ತಿರುಗಿಸುವುದಕ್ಕೂ ನಡುವೆ ಒಂದು ಉಸಿರೂ ಇರುತ್ತಿರಲಿಲ್ಲ.

ಇನ್ನು ನಾನು ಹೇಳಬೇಕಾದದ್ದು ಸ್ವಲ್ಪ ಸಂಕೋಚದ ವಿಷಯ. ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಯಾರ್ಡಿನಲ್ಲಿ ಹೆಂಗಸರಿಗೆ ಕಕ್ಕಸಿರಲಿಲ್ಲ. ಗಂಡಸರಿಗೂ ಇರಲಿಲ್ಲ, ಆದರೆ ಅವರಿಗೆ ಉದ್ದನೆಯ ಕಾಂಪೌಂಡ್ ಗೋಡೆಯಿತ್ತು. ಹೆಂಗಸರು ಹಳೆಯ ಚಕ್ರಗಳ ದೊಡ್ಡ ರಾಶಿಯ ಹಿಂದೆ ಹೋಗುತ್ತಿದ್ದರು. ಒಬ್ಬಳು ಹೋದರೆ ಒಬ್ಬಳು ಕಾವಲು. ಆಮೇಲೆ ಹೊಸ ಮ್ಯಾನೇಜರ್ ಬಂದರು. ಅವರು ಬಂದವರೇ ಚಕ್ರದ ರಾಶಿಯನ್ನು ಮಾರಿ, ಆ ಜಾಗವನ್ನು ಚೊಕ್ಕಟ ಮಾಡಿಸಿ, ಎದುರಿಗೆ ಮಹಡಿಯ ಮೇಲೆ ತಮ್ಮ ಆಫೀಸು ಕಟ್ಟಿಸಿಕೊಂಡರು. ಆಫೀಸಿಗೆ ಗೋಡೆಗಿಂತ ಕಿಟಕಿಯೇ ಜಾಸ್ತಿ. ಯಾರ್ಡಿನ ಮೂಲೆಮೂಲೆಯೂ ಅವರಿಗೆ ಕಾಣುತ್ತಿತ್ತು. ಹೆಂಗಸರಿಗೆ ಉಳಿದದ್ದು ಒಂದೇ ದಾರಿ. ಬೆಳಿಗ್ಗೆ ಮನೆ ಬಿಟ್ಟ ಮೇಲೆ ಸಂಜೆ ಮನೆ ಸೇರುವ ತನಕ ನೀರು ಕುಡಿಯುವುದನ್ನೇ ಬಿಟ್ಟರು.

ಸುಡುಬಿಸಿಲಿನಲ್ಲಿ, ಕಬ್ಬಿಣದ ಡಬ್ಬಿಯೊಳಗೆ, ಸ್ಪಂಜಿನ ಧೂಳಿನಲ್ಲಿ ನೀರು ಕುಡಿಯದೆ ಕೆಲಸ ಮಾಡುವುದು ಹೇಗಿರುತ್ತದೆಂದು ಮಾಡಿದವರಿಗೇ ಗೊತ್ತು. ಕಿಟಕಿ ಗಾಜು ಬಿಚ್ಚುವ ಗಾಜಿನಕ್ಕ ಒಂದು ಮಧ್ಯಾಹ್ನ ತಲೆಸುತ್ತಿ ಏಣಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಳು. ದೊಡ್ಡಮ್ಮನೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಕೈಗೆ ಪಟ್ಟಿ ಹಾಕಿ, ನಾಲಿಗೆ ನೋಡಿ, ಕಣ್ಣು ನೋಡಿ, "ಚೆನ್ನಾಗಿ ನೀರು ಕುಡೀಬೇಕಮ್ಮ" ಎಂದರು.

"ಕುಡೀತಾಳೆ ಡಾಕ್ಟ್ರೇ. ಕುಡಿದದ್ದನ್ನ ಎಲ್ಲಿ ಇಡ್ಬೇಕು ಅಂತ ಅದನ್ನೂ ಚೀಟಿಯಲ್ಲಿ ಬರ್ಕೊಡಿ" ಎಂದಳು ದೊಡ್ಡಮ್ಮ.

ಡಾಕ್ಟರಿಗೆ ಅರ್ಥವಾಗಲಿಲ್ಲ. ಗಾಜಿನಕ್ಕನಿಗೆ ಅಷ್ಟು ನೋವಿನಲ್ಲೂ ನಗು ಬಂತಂತೆ.

ಮರುದಿನ ದೊಡ್ಡಮ್ಮ ಮಹಡಿ ಹತ್ತಿದಳು. ಮ್ಯಾನೇಜರ್ ಕೆಟ್ಟವರಲ್ಲ, ಕೂರಲು ಹೇಳಿದರು. ಅವಳು ಕೂರಲಿಲ್ಲ.

"ಕಟ್ಟಿಸೋಕಾಗಲ್ಲಮ್ಮ. ಜಾಗ ನಮ್ಮದಲ್ಲ, ಬಾಡಿಗೇದು. ಒಂದು ಇಟ್ಟಿಗೆ ಇಡೋಕೂ ಮೇಲಿನಿಂದ ಒಪ್ಪಿಗೆ ಬರ್ಬೇಕು."

"ಇಟ್ಟಿಗೆ ಬೇಡ ಸಾರ್. ಒಂದು ಬೋಗಿ ಬಿಡಿ. ಒಂದೊಂದು ಬೋಗಿಗೂ ನಾಲ್ಕು ಕಕ್ಕಸಿರುತ್ತೆ. ದಿನಾ ಕಕ್ಕಸು ಒಡೆದು ಒಡೆದು ರಾಶಿ ಹಾಕ್ತೀವಿ, ನಮಗೆ ಹೋಗೋಕೆ ಒಂದಿಲ್ಲ."

ಮ್ಯಾನೇಜರ್ ನಕ್ಕರು. "ಬೋಗಿ ಬಿಡೋದು ಅಂದ್ರೇನಮ್ಮ, ಅದೇನು ಹಸು ಕರುವಾ? ಒಡೆಯೋಕೆ ಬಂದದ್ದು ಒಡೀಬೇಕು. ಲೆಕ್ಕಕ್ಕೆ ಒಂದು ಕಮ್ಮಿಯಾದ್ರೆ ನನ್ನ ತಲೆ ಹೋಗುತ್ತೆ."

"ನಿಮ್ಮ ತಲೆ ಮೇಲಿದೆ ಸಾರ್, ಹೋಗೋಕೆ ಹೊತ್ತಾಗುತ್ತೆ. ನಮ್ಮದು ಏಣಿಯಿಂದ ಬೀಳ್ತಾ ಇದೆ."

"ನೋಡೋಣ" ಎಂದರು. ಈ ನೋಡೋಣ ಎಂಬ ಮಾತಿಗೆ ಬಾಯಿದೆ, ಕಣ್ಣಿಲ್ಲ ಎಂದು ಕೆಳಗಿಳಿದು ಬಂದು ದೊಡ್ಡಮ್ಮ ಎಲ್ಲರಿಗೂ ಹೇಳಿದಳಂತೆ.

ಅಂದಿನಿಂದ ಅವಳಿಗೆ ಕೂಗುವುದರ ಜೊತೆಗೆ ಇನ್ನೊಂದು ಕೆಲಸ ಅಂಟಿಕೊಂಡಿತು. ಪ್ರತಿ ಬೋಗಿ ಬಂದಾಗಲೂ ಬಿಚ್ಚುವ ಮೊದಲೇ ಹತ್ತಿ, ಕಕ್ಕಸಿನ ಬಾಗಿಲು ತೆಗೆದು, ಹಿಮ್ಮಡಿಯಿಂದ ನೆಲವನ್ನು ಜೋರಾಗಿ ಗುದ್ದಿ ನೋಡುತ್ತಿದ್ದಳು. ನಾನು ಮೊದಲೇ ಹೇಳಿದಂತೆ ಬೋಗಿಗಳು ಸತ್ತದ್ದೇ ಆ ಮೂಲೆಯಿಂದ. ಒಂದರಲ್ಲಿ ಅವಳ ಕಾಲು ಮೊಣಕಾಲಿನ ತನಕ ಕೆಳಗಿಳಿಯಿತು. ಇನ್ನೊಂದರಲ್ಲಿ ಕೂರುವ ಬೇಸಿನ್ನೇ ಕಳಚಿ ಹಳಿಗೆ ಬಿತ್ತು. ಹೆಂಗಸರು ಸಂಜೆ ಗೇಟಿನ ಹತ್ತಿರ, "ಏನಕ್ಕಾ, ವರ ಸಿಕ್ಕಿದ್ನಾ?" ಎಂದು ಕೇಳುವರು. "ನೋಡೋಕೆ ಚೆನ್ನಾಗೇ ಇದ್ದ, ಕಾಲೇ ಗಟ್ಟಿಯಿರ್ಲಿಲ್ಲ" ಎಂದು ಇವಳು ಹೇಳುವಳು.

ಕೊನೆಗೆ ಒಂದು ಬಂತು. ವಯಸ್ಸಾಗಿ ಬಂದ ಬೋಗಿಯಲ್ಲ ಅದು. ಹಳಿ ಬದಲಿಸುವಾಗ ಯಾವುದೋ ಎಂಜಿನ್ನು ಹಿಂದಿನಿಂದ ಗುದ್ದಿ, ಒಂದು ತುದಿ ಅಪ್ಪಚ್ಚಿಯಾಗಿತ್ತು. ಇನ್ನೊಂದು ತುದಿಗೆ ಗೀರು ಕೂಡ ಬಿದ್ದಿರಲಿಲ್ಲ. ದೊಡ್ಡಮ್ಮ ಹಿಮ್ಮಡಿಯಿಂದ ಗುದ್ದಿದಳು. ಗಟ್ಟಿ. ಕುಣಿದು ನೋಡಿದಳು. ಗಟ್ಟಿ. ಎರಡೂ ಕಕ್ಕಸಿನ ಚಿಲಕ ಒಳಗಿನಿಂದ ಸರಿಯಾಗಿ ಬೀಳುತ್ತಿತ್ತು. ಕಿಟಕಿಯ ಮಸುಕು ಗಾಜು ಇಡಿಯಾಗಿತ್ತು. ಅವಳು ಹೊರಬಂದು ಹೆಂಗಸರಿಗೆ ಕಣ್ಣಲ್ಲೇ ಹೇಳಿದಳು.

ಆ ಬೋಗಿ ಬಿಚ್ಚುವಾಗ ಹೆಂಗಸರು ಅಪ್ಪಚ್ಚಿಯಾದ ತುದಿಯಿಂದ ನಡುವಿನ ತನಕ ಎಲ್ಲವನ್ನೂ ಕಿತ್ತರು. ಒಳ್ಳೆಯ ತುದಿಯ ಒಂದು ಸ್ಕ್ರೂವನ್ನೂ ಮುಟ್ಟಲಿಲ್ಲ. ಮೇಸ್ತ್ರಿ ಕಿತ್ತ ಬದಿಯಿಂದ ಇಣುಕಿ ನೋಡಿ ಹೊರಟುಹೋದ. ಕಕ್ಕಸು ಕಿತ್ತಿದ್ದೀರಾ ಎಂದು ಮೂಗು ಹಾಕಿ ನೋಡುವ ಅಭ್ಯಾಸ ಯಾವ ಮೇಸ್ತ್ರಿಗೂ ಇರುವುದಿಲ್ಲ. ಹೆಂಗಸರು ಬೋಗಿಯ ಮೇಲಿನ ನೀರಿನ ತೊಟ್ಟಿಗೆ ಬಕೆಟ್ಟಿನಲ್ಲಿ ನೀರು ತುಂಬಿದರು. ಕಕ್ಕಸಿನ ಕೊಳವೆಯ ಬಾಯಿಗೆ ಸರಿಯಾಗಿ ಕೆಳಗೆ ಎರಡು ಡ್ರಮ್ಮುಗಳನ್ನು ಉರುಳಿಸಿಟ್ಟು, ಅರ್ಧದ ತನಕ ಬೂದಿ ಸುರಿದರು. ದೊಡ್ಡಪ್ಪನಿಗೆ ಏನೂ ಹೇಳಲಿಲ್ಲ. "ಅವರಿಗೆ ಹೇಳಿದ್ರೆ ಮುಖದ ಮೇಲೇ ಬರ್ಕೊಂಡು ಓಡಾಡ್ತಾರೆ" ಎನ್ನುವುದು ದೊಡ್ಡಮ್ಮನ ಸಮಜಾಯಿಷಿ. ಈ ವಿಷಯದಲ್ಲಿ ದೊಡ್ಡಪ್ಪನ ಮುನಿಸು ಇನ್ನೂ ಪೂರ್ತಿ ಇಳಿದಿಲ್ಲ.

ಕತ್ತರಿಸುವ ದಿನ ಬೆಳಿಗ್ಗೆ ಎಂದಿನಂತೆ ಕಟ್ಟರಿನವರು ಪೈಪು ಎಳೆದುಕೊಂಡು ಬಂದು ನಿಂತರು. ದೊಡ್ಡಮ್ಮ ಒಳ್ಳೆಯ ತುದಿಯಲ್ಲಿ ಹತ್ತಿದಳು. ಕೂಗು ಕೇಳಿಸಿತು. ಹಲಗೆ ತಟ್ಟುವ ಸದ್ದು ಕೇಳಿಸಿತು. ಆಮೇಲೆ ಅವಳು ಹತ್ತಿದ ಬಾಗಿಲಲ್ಲೇ ಬಂದು, ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತಳು.

ದೊಡ್ಡಪ್ಪ ಕಾದರು. "ಖಾಲಿ ಅನ್ನು" ಎಂದರು.

"ಖಾಲಿ ಇಲ್ಲ."

"ಯಾರಿದ್ದಾರೆ ಒಳಗೆ?"

"ನಾನಿದ್ದೀನಲ್ಲ, ಕಾಣ್ತಿಲ್ವಾ? ಕನ್ನಡಕ ಹಾಕ್ಕೊಳ್ಳಿ."

"ತಮಾಷೆ ಸಾಕು, ಇಳಿ."

"ತಮಾಷೆ ಮಾಡ್ಕೊಂಡೇ ಬೇಕಾದಷ್ಟು ವರ್ಷ ಕಳೆದ್ವಿ ರೀ. ಇವತ್ತು ಇಳಿಯಲ್ಲ. ಈ ಬೋಗಿ ನಮಗೆ ಬೇಕು."

ದೊಡ್ಡಪ್ಪ ಕಟ್ಟರನ್ನು ನೆಲಕ್ಕಿಟ್ಟು ಬೀಡಿ ಹಚ್ಚಿದರು. ಮೇಸ್ತ್ರಿ ಓಡಿ ಬಂದ. ಅವನ ಹಿಂದೆಯೇ ಮ್ಯಾನೇಜರ್ ಮಹಡಿಯಿಂದ ಇಳಿದು ಬಂದರು. ವಿಷಯ ತಿಳಿದು, ದೊಡ್ಡಪ್ಪನ ಕಡೆ ತಿರುಗಿ, "ನಿಮ್ಮ ಹೆಂಡ್ತಿ ಅಲ್ವಾ? ಇಳಿಸ್ರಿ" ಎಂದರು.

"ಮನೇಲೇ ಒಂದು ಮಾತಿಂದ ಇಳಿಸೋಕಾಗಿಲ್ಲ ಸಾರ್" ಎಂದರು ದೊಡ್ಡಪ್ಪ, "ಬೋಗಿಯಿಂದ ಇಳಿಸ್ತೀನಾ?"

"ಹಾಗಾದ್ರೆ ಬೇರೆಯವ್ರು ಕೂಗ್ಲಿ. ಏ ಗುಮಾಸ್ತ, ನೀನು ಹೋಗಯ್ಯ."

ಗೋದಾಮಿನ ಗುಮಾಸ್ತ ತುಂಬ ವಿಧೇಯ ಮನುಷ್ಯ. ಪ್ಯಾಂಟು ಮಡಚಿಕೊಂಡು ಹತ್ತಿದ. ಸಣ್ಣ ದನಿಯಲ್ಲಿ ಕೂಗುತ್ತ ಈ ತುದಿಯಿಂದ ಆ ತುದಿಗೆ ಹೋಗಿ, ಅಪ್ಪಚ್ಚಿಯಾದ ಬಾಗಿಲಿನ ಸಂದಿಯಿಂದ ಕಷ್ಟಪಟ್ಟು ನುಸುಳಿ ಇಳಿದ. ಎರಡೂ ಕಾಲು ನೆಲಕ್ಕಿಟ್ಟು ನೆಟ್ಟಗೆ ನಿಂತು, "ಸಾರ್, ಒಬ್ರು ಇದ್ದಾರೆ ಸಾರ್" ಎಂದ.

ಕಟ್ಟರಿನವರೆಲ್ಲ ಗೊಳ್ಳೆಂದು ನಕ್ಕರು. ಆ ನಗುವಿನ ನಡುವೆಯೇ ಗಾಜಿನಕ್ಕ ಪಟ್ಟಿ ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು ಬೋಗಿ ಹತ್ತಿದಳು. ಅವಳ ಹಿಂದೆ ಸೀಟು ಬಿಚ್ಚುವವರು, ಅವರ ಹಿಂದೆ ವೈರು ಸುತ್ತುವವರು. ಒಬ್ಬಳ ಸೊಂಟದಲ್ಲಿ ದೊಡ್ಡ ಕೊಡವಿತ್ತು. ಅವರು ಬಾಗಿಲಲ್ಲೇ, ಮ್ಯಾನೇಜರಿಗೆ ಎದುರಾಗಿ, ಲೋಟದ ಮೇಲೆ ಲೋಟ ನೀರು ಕುಡಿದರು. ಸಾವಕಾಶವಾಗಿ, ಕುತ್ತಿಗೆ ಮೇಲೆತ್ತಿ ಕುಡಿದರು. ನೀರು ಕುಡಿಯುವುದನ್ನು ಒಬ್ಬರು ಜಗಳದ ಹಾಗೆ ಮಾಡಬಹುದೆಂದು ತನಗೆ ಅವತ್ತೇ ಗೊತ್ತಾದದ್ದು ಎಂದು ಮೇಸ್ತ್ರಿ ನನಗೆ ಹೇಳಿದ್ದಾನೆ.

ಕೊಡ ಮುಗಿಯಿತು. ಸ್ವಲ್ಪ ಹೊತ್ತಿನ ಮೇಲೆ ಒಬ್ಬಳು ಎದ್ದು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಹೊರಗಿದ್ದ ಗಂಡಸರು ಆಕಾಶ ನೋಡಿದರು, ಪೈಪು ನೋಡಿದರು, ತಮ್ಮತಮ್ಮ ಚಪ್ಪಲಿ ನೋಡಿದರು. ಅವಳು ಹೊರಬಂದಳು. ಮುಖ ಕೆಂಪಾಗಿತ್ತು. "ಅಕ್ಕಾ, ನಲ್ಲೀಲಿ ನೀರು ಬರ್ತಿದೆ" ಎಂದಳು ದೊಡ್ಡಮ್ಮನಿಗೆ. ಅಷ್ಟೇ. ಅದನ್ನು ಕೇಳಿ ಒಳಗಿದ್ದ ಇಬ್ಬರು ಅತ್ತುಬಿಟ್ಟರಂತೆ.

ಮ್ಯಾನೇಜರಿಗೆ ಈಗ ನಿಜವಾಗಿ ಕೋಪ ಬಂತು. "ನಾಳೆಯಿಂದ ನೀನು ಕೆಲಸಕ್ಕೆ ಬರ್ಬೇಡ."

"ಬರಲ್ಲ ಸಾರ್. ಇಳಿದು ಹೋದವ್ರು ತಾನೇ ನಾಳೆ ಬರೋದು."

ಅವರು ಕ್ರೇನಿನವನನ್ನು ಕರೆಸಿದರು. ಅವನು ಬಂದು, ಕಿಟಕಿಗಳಲ್ಲಿ ಸಾಲಾಗಿ ಕಾಣುವ ಮುಖಗಳನ್ನು ನೋಡಿ, ತನ್ನ ಕ್ರೇನು ಸಾಮಾನು ಎತ್ತುವುದಕ್ಕೆ, ಸಂಸಾರ ಎತ್ತುವುದಕ್ಕಲ್ಲ ಎಂದು ಹೇಳಿ ನೆರಳಿಗೆ ಹೋಗಿ ಕೂತ. ಬಿಸಿಲು ಏರಿತು. ಒಳಗಿದ್ದವರು ಇಳಿಯಲಿಲ್ಲ, ಹೊರಗಿದ್ದವರು ಹೋಗಲಿಲ್ಲ.

ಆಗ ಮ್ಯಾನೇಜರ್ ಒಂದು ಮಾತು ಆಡಿದರು. ಬೋಗಿಯ ಅಪ್ಪಚ್ಚಿಯಾದ ತುದಿಯ ಹತ್ತಿರ ಮತ್ತೆ ಕಟ್ಟರ್ ಹಿಡಿದು ನಿಂತಿದ್ದ ದೊಡ್ಡಪ್ಪನಿಗೆ, ಎಲ್ಲರಿಗೂ ಕೇಳುವಂತೆ, "ಹೆಂಡ್ತಿನ ಹದ್ದುಬಸ್ತಲ್ಲಿ ಇಡೋಕಾಗದವನ ಕೈಗೆ ಬೆಂಕಿ ಕೊಟ್ಟಿದ್ದೇ ನಮ್ಮ ತಪ್ಪು. ಕಟ್ಟರ್ ಇಟ್ಟು ನೀನೂ ಹೋಗು" ಎಂದರು.

ದೊಡ್ಡಪ್ಪ ತಲೆ ತಗ್ಗಿಸಿದರು. ದೊಡ್ಡಮ್ಮ ಅದನ್ನು ಕಿಟಕಿಯಿಂದ ನೋಡಿದಳು. ತನಗೆ ಅಂದದ್ದನ್ನೆಲ್ಲ ನುಂಗಿದ್ದವಳಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಬೋಗಿಯುದ್ದಕ್ಕೂ ದಡದಡ ಓಡಿ, ಗುಮಾಸ್ತ ನುಸುಳಿದ್ದ ಅದೇ ಸಂದಿಯಿಂದ ನುಸುಳಿ, "ಏನಂದ್ರಿ?" ಎಂದು ಕೇಳಲು ಕೆಳಗೆ ಹಾರಿದಳು.

ಎರಡೂ ಕಾಲು ನೆಲಕ್ಕೆ ತಾಗಿದವು. ಅವಳ ಬಾಯಿಂದ ಬಂದದ್ದು, "ಖಾಲಿ."

ಅದು ಅವಳು ಹೇಳಿದ್ದಲ್ಲ, ಅವಳ ಕಾಲು ಹೇಳಿದ್ದು. ಎಷ್ಟು ವರ್ಷಗಳಿಂದ ಆ ಕಾಲುಗಳು ಆ ತುದಿಯಲ್ಲಿ ನೆಲ ಮುಟ್ಟಿದ್ದವೋ, ಅಷ್ಟು ವರ್ಷದ ಮಾತು ತಾನಾಗಿ ಹೊರಗೆ ಬಿತ್ತು. ಅದೇ ಗಳಿಗೆಗೆ ದೊಡ್ಡಪ್ಪನ ಕೈ ಅವರನ್ನು ಕೇಳದೆಯೇ ತಿರುಪು ತಿರುಗಿಸಿತು. ಪಟ್ಟೆಂದು ಸದ್ದಾಗಿ ನೀಲಿ ಬೆಂಕಿ ನಿಂತಿತು. ಗಂಡ ಹೆಂಡತಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕಲ್ಲಾದರು.

"ಅಕ್ಕಾ!" ಎಂದು ಒಳಗಿನಿಂದ ಗಾಜಿನಕ್ಕ ಕೂಗಿದಳು. "ನಾವೆಲ್ಲ ಇಲ್ಲೇ ಇದ್ದೀವಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮ್ಯಾನೇಜರಿಗೆ ಹೋದ ಜೀವ ಬಂದಂತಾಯಿತು. "ಕೇಳಿದ್ರಲ್ಲ ಎಲ್ರೂ? ಖಾಲಿ ಅಂದಾಯ್ತು. ನಿಮ್ಮ ನಿಯಮಾನೇ ಅಲ್ವಾ? ಒಳಗಿರೋರು ಇಳೀರಿ. ಕತ್ತರಿಸ್ರಿ."

"ಬಾಯಿತಪ್ಪಿ ಬಂತು" ಎಂದ ಕಟ್ಟರಿನವರಲ್ಲಿ ಒಬ್ಬ.

"ಬಾಯಿತಪ್ಪಿ ಬರೋ ಮಾತನ್ನ ನಂಬ್ಕೊಂಡಾ ನೀವು ಇಷ್ಟು ದಿನ ಬೆಂಕಿ ಹಚ್ತಿದ್ದದ್ದು? ಹಾಗಾದ್ರೆ ಈ ಕೂಗೋದು ಕರೆಯೋದು ಇವತ್ತಿಗೇ ಸಾಕು. ನಾಳೆಯಿಂದ ಮೇಸ್ತ್ರಿ ಕೈ ಎತ್ತಿದ್ರೆ ಹಚ್ಬೇಕು."

ಮಾತು ಸರಿಯಾದ ಜಾಗಕ್ಕೇ ತಾಗಿತ್ತು. ಆ ಒಂದು ಪದವನ್ನು ವಾಪಸು ತೆಗೆದುಕೊಂಡರೆ ಬೋಗಿ ಉಳಿಯುತ್ತದೆ, ಪದಕ್ಕೆ ಬೆಲೆ ಹೋಗುತ್ತದೆ; ಇನ್ನೊಮ್ಮೆ ಯಾವನಾದರೂ ಹಲಗೆಯ ಮೇಲೆ ಮಲಗಿದ್ದರೆ ಅವನನ್ನು ಕಾಯುವುದು ಯಾವುದೂ ಇರುವುದಿಲ್ಲ. ಪದವನ್ನು ಉಳಿಸಿಕೊಂಡರೆ ಬೋಗಿ ಹೋಗುತ್ತದೆ. ಕಟ್ಟರಿನವರು ದೊಡ್ಡಮ್ಮನನ್ನೇ ನೋಡಿದರು. ಒಳಗಿದ್ದ ಹೆಂಗಸರೂ ಅವಳನ್ನೇ ನೋಡಿದರು. ಆ ಗಳಿಗೆಯಲ್ಲಿ ಏನು ಯೋಚಿಸಿದೆ ಎಂದು ನಾನು ಕೇಳಿದರೆ ಅವಳು, "ಯೋಚನೆ ಎಲ್ಲಿ ಬಂತು, ನನ್ನ ಬಾಯಿಗೆ ನಾನೇ ಹೊಡ್ಕೊಳ್ಳೋಣ ಅನ್ನಿಸ್ತು" ಎನ್ನುತ್ತಾಳೆ.

ಹೊಡೆದುಕೊಳ್ಳಲಿಲ್ಲ. ದೊಡ್ಡಪ್ಪನ ಹತ್ತಿರ ಹೋಗಿ, ಅವರ ಅಂಗಿಯ ಜೇಬಿಗೆ ಕೈ ಹಾಕಿ, ಗೆರೆ ಎಳೆಯುವ ಸೀಮೆಸುಣ್ಣ ತೆಗೆದಳು. ಬೋಗಿಯ ಪಕ್ಕೆಯುದ್ದಕ್ಕೂ ನಡೆದಳು. ಸೀಟು ಹಲಗೆಗಳನ್ನೆಲ್ಲ ಕಿತ್ತು ಬರಿದಾದ ಭಾಗ ಮುಗಿದು ಮುಟ್ಟದೆ ಬಿಟ್ಟ ಭಾಗ ಶುರುವಾಗುವ ಕಡೆ ನಿಂತಳು. ಕೈ ಎಟಕುವಷ್ಟು ಮೇಲಿನಿಂದ ಕೆಳಗಿನ ತನಕ ಒಂದು ಗೆರೆ ಎಳೆದಳು.

"ಖಾಲಿ ಅಂದೆ. ಅಂದದ್ದು ಅಂದದ್ದೇ, ವಾಪಸು ತಗೊಳ್ಳಲ್ಲ" ಎಂದಳು. ಈಗ ಅವಳ ದನಿ ಗೇಟಿನ ತನಕ ಹೋಯಿತು. "ನಾನು ಇಳಿದದ್ದು ಆ ತುದಿಯಿಂದ. ಈ ಗೆರೆಯಿಂದ ಆಚೆ ಖಾಲಿ. ಇಲಿ ಕೂಡ ಇಲ್ಲ, ಕತ್ತರಿಸಿ. ಈಚೆ ಖಾಲಿ ಅಲ್ಲ. ಈಚೆ ಖಾಲಿ ಆಗೋದೂ ಇಲ್ಲ."

"ಅರ್ಧ ಬೋಗಿ ಅಂತ ಎಲ್ಲಾದ್ರೂ ಕೇಳಿದ್ದೀಯೇನಮ್ಮ?" ಎಂದರು ಮ್ಯಾನೇಜರ್.

"ಇಲ್ಲ ಸಾರ್. ನೀವೂ ಇವತ್ತೇ ಕೇಳ್ತಿರೋದು. ಇಬ್ರಿಗೂ ಹೊಸದು."

ದೊಡ್ಡಪ್ಪ ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಇಳಿಸಿದರು. ಏಣಿ ತಂದು ಗೆರೆಯ ಪಕ್ಕಕ್ಕೆ ಒರಗಿಸಿ, ಗೆರೆಯನ್ನು ಚಾವಣಿಯ ತನಕ ತಾವೇ ಮುಂದುವರಿಸಿದರು. ಅವರ ಗೆರೆ ಅವಳದಕ್ಕಿಂತ ನೇರವಾಗಿತ್ತು ಎಂದು ಅವರು ಈಗಲೂ ಹೇಳುತ್ತಾರೆ.

"ಏ, ಏನ್ ಮಾಡ್ತಿದ್ದೀಯ?" ಎಂದರು ಮ್ಯಾನೇಜರ್.

"ಕತ್ತರಿಸು ಅಂದ್ರಲ್ಲ ಸಾರ್, ಕತ್ತರಿಸ್ತಿದ್ದೀನಿ."

ಕಿಡಿ ಸುರಿಯತೊಡಗಿತು. ಕಟ್ಟರಿನವರಲ್ಲಿ ಇನ್ನಿಬ್ಬರು ಇನ್ನೊಂದು ಪಕ್ಕೆಗೆ ಹೋದರು. ಕ್ರೇನಿನವನು ನೆರಳಿನಿಂದ ಎದ್ದು ಬಂದು, ತುಂಡಾದ ಮೇಲೆ ಅರ್ಧ ಬೋಗಿ ಮುಗ್ಗರಿಸುತ್ತದೆ, ಗೆರೆಯ ಕೆಳಗೆ ಆನಿಕೆ ಬೇಕು ಎಂದ. ಹಳಿಯ ಕೆಳಗೆ ಹಾಕುವ ಮರದ ದಿಮ್ಮಿಗಳನ್ನು ಗಂಡಸರು ಹೊತ್ತು ತಂದು ಪೇರಿಸಿದರು. ಯಾರೂ ಅವರಿಗೆ ಹೇಳಿರಲಿಲ್ಲ. ಒಳಗೆ ಹೆಂಗಸರು ತೊಟ್ಟಿಯ ನೀರನ್ನು ಬಕೆಟ್ಟಿಗೆ ಹಿಡಿದುಕೊಂಡು, ಈಚೆಗೆ ಹಾರಿದ ಕಿಡಿಯನ್ನೆಲ್ಲ ಚುಂಯ್ ಎನ್ನಿಸುತ್ತ ನಿಂತರು. ಮ್ಯಾನೇಜರ್ ಮಹಡಿಗೆ ಹೋಗಿ ಕಿಟಕಿಯಿಂದ ನೋಡಿದರು. ಮಧ್ಯಾಹ್ನ ಕಳೆದ ಮೇಲೆ ಅಪ್ಪಚ್ಚಿಯಾದ ಅರ್ಧ ಕಳಚಿ, ಕ್ರೇನಿಗೆ ನೇತುಬಿದ್ದು ಹೋಯಿತು. ಉಳಿದ ಅರ್ಧ, ಮುಂದುಗಡೆ ಬಾಯಿ ತೆರೆದುಕೊಂಡು ನಿಂತಲ್ಲೇ ನಿಂತಿತ್ತು.

ಮ್ಯಾನೇಜರ್ ಮತ್ತೆ ಇಳಿದು ಬಂದಾಗ ಹೇಳಿದ್ದು ಒಂದೇ. "ಚಕ್ರ ಬಿಡಲ್ಲ."

"ತಗೊಂಡು ಹೋಗಿ ಸಾರ್. ಓಡೋ ಕೆಲಸ ಇನ್ನು ಅದಕ್ಕಿಲ್ಲ."

ಮರುದಿನ ಕ್ರೇನು ಅರ್ಧ ಬೋಗಿಯನ್ನು ಎತ್ತಿತು, ಚಕ್ರಗಳನ್ನು ಉರುಳಿಸಿಕೊಂಡು ಹೋದರು, ದಿಮ್ಮಿಗಳ ಮೇಲೆ ಅದನ್ನು ಇಳಿಸಿದರು. ಬಾಯಿ ತೆರೆದ ಕಡೆಗೆ ಬೇರೆ ಬೋಗಿಗಳ ಬಾಗಿಲುಗಳನ್ನು ಒಂದರ ಪಕ್ಕ ಒಂದು ಬೆಸೆದು ಗೋಡೆ ಮಾಡಿದರು. ಅದರಲ್ಲಿ ಒಂದು ಬಾಗಿಲು ಮಾತ್ರ ತೆರೆಯುತ್ತದೆ. ಹೊಸಬರು ಯಾವುದೆಂದು ತಿಳಿಯದೆ ಎಲ್ಲವನ್ನೂ ತಳ್ಳಿ ನೋಡುತ್ತಾರೆ. ಡ್ರಮ್ಮಿನ ಜಾಗದಲ್ಲಿ ಗುಂಡಿ ತೋಡಿದರು. ಮುಟ್ಟದೆ ಬಿಟ್ಟಿದ್ದ ಎರಡು ಸಾಲು ಸೀಟಿನಲ್ಲಿ ಈಗ ಹೆಂಗಸರು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಾರೆ. ಕಿಟಕಿ ಪಕ್ಕದ ಜಾಗಕ್ಕೆ ಈಗಲೂ ಜಗಳವಾಗುತ್ತದೆ, ನೋಡಲು ತುಕ್ಕು ಕಬ್ಬಿಣ ಬಿಟ್ಟರೆ ಏನೂ ಇಲ್ಲದಿದ್ದರೂ.

ಮ್ಯಾನೇಜರ್ ದೊಡ್ಡಮ್ಮನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಕಟ್ಟರಿನವರು ಸುಮ್ಮನಿರುವುದಿಲ್ಲ ಎಂದು ಗೊತ್ತಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು, ಅವಳನ್ನು ಕೂಗುವುದರಿಂದ ಬಿಡಿಸಿ ಬೋಲ್ಟು ಆರಿಸುವ ರಾಶಿಗೆ ಹಾಕಿದರು. ಅದು ಯಾರ್ಡಿನಲ್ಲಿ ಎಲ್ಲರಿಗಿಂತ ಹೊಸಬರು ಮಾಡುವ ಕೆಲಸ. ಈಗ ನಾನೂ ಅದೇ ರಾಶಿಯ ಪಕ್ಕದಲ್ಲಿ ಕೂರುತ್ತೇನೆ. ಕೂಗಲು ಗಾಜಿನಕ್ಕ ಹೋಗುತ್ತಾಳೆ. ಅವಳ ದನಿ ಸಣ್ಣದು, ಆದರೆ ಮಾತು ಅದೇ, ನಿಯಮ ಅದೇ. ದೊಡ್ಡಪ್ಪ ಈಗ ಒಂದು ಉಸಿರು ಕಾದು ಬೆಂಕಿ ಹಚ್ಚುತ್ತಾರೆ.

"ನಿಮಗೆ ಬೇಜಾರಾಗಲ್ವಾ ದೊಡ್ಡಮ್ಮ?" ಎಂದು ಒಮ್ಮೆ ಕೇಳಿದೆ.

"ಆಗುತ್ತೆ ಕಣೇ. ಬೋಲ್ಟಿಗೆ ಏನಂತ ಕೂಗಲಿ? ಕೂಗಿದ್ರೂ ಇಳಿಯುತ್ತಾ?" ಎಂದಳು. ಆಮೇಲೆ, "ಆದ್ರೂ ಆ ಮಹಡಿ ಮೇಲಿನವ್ರು ದಿನಾ ಕಿಟಕಿಯಿಂದ ನೋಡಿದಾಗ ಕಣ್ಣಿಗೆ ಬೀಳೋದು ಏನು ಹೇಳು? ಅದೇ ಅರ್ಧ ಬೋಗಿ. ಅಷ್ಟು ಸಾಕು ನನಗೆ" ಎಂದು ಬೋಲ್ಟೊಂದನ್ನು ಬುಟ್ಟಿಗೆ ಎಸೆದಳು.

ಕಳೆದ ತಿಂಗಳು ಮೇಲಿನಿಂದ ಒಬ್ಬ ಅಧಿಕಾರಿ ತಪಾಸಣೆಗೆ ಬಂದಿದ್ದರು. ಮ್ಯಾನೇಜರ್ ಅವರನ್ನು ಬೇರೆ ದಾರಿಯಿಂದ ಕರೆದುಕೊಂಡು ಹೋಗಲು ನೋಡಿದರು. ಅಷ್ಟು ದೊಡ್ಡ ವಸ್ತುವನ್ನು ಎಲ್ಲಿ ಅಡಗಿಸುವುದು? ಅಧಿಕಾರಿ ನೆಟ್ಟಗೆ ನಮ್ಮ ರಾಶಿಯ ಹತ್ತಿರ ಬಂದು ನಿಂತು, "ಏನಿದು? ಒಡೆಯೋಕೆ ಬಂದ ಬೋಗಿ ಇಲ್ಲಿ ಹೇಗೆ ನಿಂತಿದೆ? ಇದನ್ನ ಇಟ್ಕೊಳ್ಳೋಕೆ ಒಪ್ಪಿಗೆ ಕೊಟ್ಟೋರು ಯಾರು?" ಎಂದು ಕೇಳಿದರು.

ಮ್ಯಾನೇಜರ್ ಕರ್ಚೀಫು ತೆಗೆದು ಕುತ್ತಿಗೆ ಒರೆಸಿಕೊಂಡರು. ನಾನು ತಲೆ ಬಗ್ಗಿಸಿ ಬೋಲ್ಟು ನೋಡಿದೆ. ದೊಡ್ಡಮ್ಮ ಎದ್ದು ನಿಂತು, ಮಡಿಲಲ್ಲಿದ್ದ ತುಕ್ಕಿನ ಪುಡಿ ಕೊಡವಿಕೊಂಡಳು.

"ಯಾರೂ ಕೊಟ್ಟಿಲ್ಲ ಸಾರ್" ಎಂದಳು. "ಕೇಳಿದ್ವಿ, ಕೊಡ್ಲಿಲ್ಲ. ಅದಕ್ಕೆ ನಾವೇ ತಗೊಂಡ್ವಿ."